ನೀನು ವಾಪಸ್ ತಗೊಂಡ ಅರ್ಜಿ

ದೋಸ್ತ ಧೂಳಪ್ಪಾ,

ನಾವಿಬ್ಬರೂ ಫ್ಯಾಕ್ಟರಿಯ ಬಟ್ಟೆಯಲ್ಲೇ ಬಸ್ಸು ಹತ್ತಿದ ಆ ಮೊದಲ ದಿನ ನೆನಪಿದೆಯಾ? ಹುಮನಾಬಾದಿನಲ್ಲಿ ಕಲ್ಯಾಣದ ಬಸ್ಸು ಗಿಜಿಗುಟ್ಟುತ್ತಿತ್ತು. ಹೇಗೋ ನುಗ್ಗಿ ನಡುವೆ ನಿಂತೆವು. ರಾಜೇಶ್ವರ ಬರುವಷ್ಟರಲ್ಲಿ ನಮ್ಮ ಸುತ್ತಲಿನ ಮೂರು ಸೀಟು ಖಾಲಿಯಾಗಿದ್ದವು. ಕೊಳೆತ ಮೂಲಂಗಿಯ ನಾತ ನಮ್ಮ ಮೈಯಿಂದ. ಮೂಗಿಗೆ ಸೆರಗು ಹಿಡಿದ ಅಜ್ಜಿಯೊಬ್ಬಳು ಕಂಡಕ್ಟರನ ಹತ್ತಿರ ದೂರು ಹೇಳುತ್ತಿದ್ದಳು. ನೀನು ಮಾತ್ರ ಕಿಟಕಿ ಪಕ್ಕ ಆರಾಮಾಗಿ ಕೂತು, "ಬಾರೋ ವೀರಶೆಟ್ಟಿ, ನಮ್ ರಿಸರ್ವೇಶನ್ ಆಗ್ಯದ" ಅಂದೆ. ಹನ್ನೆರಡು ವರ್ಷ ಅದೇ ರಿಸರ್ವೇಶನ್ನಿನಲ್ಲಿ ಹೋಗಿ ಬಂದೆವು. ಈಗ ನಾನೊಬ್ಬನೇ ಕೂರುತ್ತೇನೆ. ನನ್ನ ಮೈಗೆ ಅಷ್ಟು ನಾತ ಹತ್ತುವುದಿಲ್ಲವಲ್ಲ, ಪಕ್ಕದಲ್ಲಿ ಯಾರಾದರೂ ಬಂದು ಕೂತೇ ಕೂರುತ್ತಾರೆ. ಅವರ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ.

ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ. ಬರೆಯಲು ಕೂತರೆ ಒಂದು ಮಾತು ಬರೆಯಲೇಬೇಕಾಗುತ್ತದೆ ಎಂದು ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ. ನೀನು ಒಂದು ಸಲವಾದರೂ ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಒಂದು ಸಂಜೆ, ಅಳತೆ ತಪ್ಪಿತೆಂದು ಫ್ಯಾಕ್ಟರಿಯಲ್ಲಿ ಎಸೆದಿದ್ದ ಕೊಳವೆಯೊಂದನ್ನು ನೀನು ನಿನ್ನ ಮನೆಗೆ ತಂದಿದ್ದೆ. ನಾನೂ ಜೊತೆಗಿದ್ದೆ. ನೀನು ಒಂದು ತುದಿಗೆ ಗಂಟು ಹಾಕಿ ಊದಿದೆ ನೋಡು, ಮಾರುದ್ದ ಗಾಜಿನಂತೆ ನಿಂತುಕೊಂಡಿತು. ಕಸ್ತೂರಿ ವೈನಿ ಮುಟ್ಟಿ ನೋಡಿ, "ಏನ್ರೀ ಇದು?" ಅಂದರು. "ಕೇಸಿಂಗ್ ಅಂತಾರ. ಖೀಮಾ ಇದರಾಗ ತುಂಬಿ ಕುದಸತಾರ. ಗಟ್ಟಿ ಆದಮ್ಯಾಲ ಇದನ್ನ ಸುಲದು ಒಗೀತಾರ. ಹೊರದೇಶದಾಗ ತಿಂತಾರ, ಸಾಸೇಜ್ ಅಂತ" ಎಂದು ನಾನು ಹೇಳಿದೆ. ವೈನಿ ಥಟ್ಟನೆ ಕೈ ಹಿಂದೆ ತೆಗೆದುಕೊಂಡರು. ಆಗ ನೀನು, "ಅಂಜಬ್ಯಾಡ, ಇದು ಬರೀ ಕಟ್ಟಿಗಿ ಹತ್ತಿದು. ಖೀಮಾ ಗೀಮಾ ಅವರು ತುಂಬ್ಕೋತಾರ, ನಮಗೇನ್ ದೋಷ ಇಲ್ಲ" ಅಂತ ಸಮಾಧಾನ ಮಾಡಿದೆ. ಸುಲಿದು ಎಸೆಯುವುದಕ್ಕೆ ಇಷ್ಟೊಂದು ಖಟಪಟಿ ಯಾಕೆ ಎಂದು ವೈನಿ ಕೇಳಿದರು. ನಾವಿಬ್ಬರೂ ನಕ್ಕೆವು.

ಕಟ್ಟಿಗೆ, ಹತ್ತಿ. ಆ ಎರಡು ಮಾತಿನ ಮೇಲೆ ನಾವು ಎಷ್ಟು ವರ್ಷ ನಿಶ್ಚಿಂತೆಯಿಂದ ಇದ್ದೆವು!

ಚರ್ನ್ ರೂಮಿನ ಒಳಗೆ ನೀನು ನನ್ನನ್ನು ಕರೆದದ್ದು ಒಂದೇ ಸಲ. ನಾನು ಇದ್ದದ್ದು ಕೊನೆಯ ಸೆಕ್ಷನ್ನಿನಲ್ಲಿ, ಗಾಳಿ ತುಂಬಿ ಕೊಳವೆ ಒಣಗಿಸುವಲ್ಲಿ. ಶುಭ್ರ ಕೆಲಸ, ಹಬ್ಬಕ್ಕೆ ಬಲೂನು ಊದಿದಂತೆ. ನಿನ್ನ ಕೆಲಸ ಎಲ್ಲಕ್ಕಿಂತ ಮೊದಲಿನದು. ರಟ್ಟಿನಂಥ ಹಾಳೆಗಳನ್ನು ಕಾಸ್ಟಿಕ್ಕಿನಲ್ಲಿ ನೆನೆಸಿ, ಹಿಂಡಿ, ಪುಡಿ ಮಾಡಿ ಆ ದೊಡ್ಡ ಡ್ರಮ್ಮಿಗೆ ಸುರಿಯುವುದು, ನೀವೆಲ್ಲ ಸಿ.ಎಸ್.ಟೂ ಅನ್ನುತ್ತಿದ್ದ ಆ ನಾತದ ದ್ರವ ಬಿಟ್ಟು ಗರಗರ ತಿರುಗಿಸುವುದು. ಬೆಳ್ಳಗಿನ ಪುಡಿ ಎರಡು ತಾಸಿನಲ್ಲಿ ಕೇಸರಿ ಹಾಕಿದ ಶಿರಾ ಆಗುತ್ತಿತ್ತು. ಅದು ಮುಂದೆ ಕರಗಿ ಜೇನುತುಪ್ಪದಂತಾಗಿ, ಸಂದಿನಿಂದ ಆ್ಯಸಿಡ್ಡಿನ ತೊಟ್ಟಿಗೆ ಇಳಿದು, ಕೊಳವೆಯಾಗಿ ನನ್ನ ಹತ್ತಿರ ಬರುತ್ತಿತ್ತು. ಡ್ರಮ್ಮು ಖಾಲಿಯಾದ ಮೇಲೆ ನೀನು ಒಳಗೆ ತಲೆ ಹಾಕಿ ಕಟ್ಟಿಗೆಯ ಸಲಿಕೆಯಿಂದ ಅಂಟಿದ್ದನ್ನು ಕೆರೆಯುತ್ತಿದ್ದೆ. ಕಬ್ಬಿಣ ಮುಟ್ಟಿಸುವಂತಿರಲಿಲ್ಲ, ಒಂದು ಕಿಡಿ ಹಾರಿದರೆ ರೂಮೇ ಹೋಗುತ್ತಿತ್ತು. ಮುಖಕ್ಕೆ ಕೊಟ್ಟ ರಬ್ಬರಿನ ಮಾಸ್ಕು ಬೇಸಿಗೆಯಲ್ಲಿ ಬೆವರಿಗೆ ಜಾರಿ ಗದ್ದಕ್ಕೆ ಬಂದಿರುತ್ತಿತ್ತು. ನಾನು ಐದು ನಿಮಿಷ ನಿಂತು, ತಲೆ ಸುತ್ತಿ ಹೊರಗೆ ಬಂದೆ. ನೀನು ನಕ್ಕೆ.

ಕರಡಿಗೆ ಕಪ್ಪಾಗತೊಡಗಿದ್ದು ಯಾವಾಗ? ನೀನು ಸೇರಿದ ಎರಡನೇ ವರ್ಷವೇ ಇರಬೇಕು. ಎದೆಯ ಮೇಲಿನ, ಲಿಂಗ ಇಡುವ ಬೆಳ್ಳಿ ಕರಡಿಗೆ, ನಿಮ್ಮ ಅಪ್ಪ ಕೊಟ್ಟದ್ದು. ಸೋಮವಾರ ಬೆಳ್ಳಗೆ ಹೊಳೆಯುತ್ತಿದ್ದದ್ದು ಶನಿವಾರಕ್ಕೆ ಹಂಚಿನ ತಳ. ವೈನಿ ಪ್ರತಿ ರವಿವಾರ ವಿಭೂತಿ ಹಚ್ಚಿ ತಿಕ್ಕುತ್ತಿದ್ದರು. "ಬೆಳ್ಳಿನೇ ಖೋಟಾ ಇರಬೇಕು ನೋಡು" ಎಂದು ನಾನು ಚಾಷ್ಟಿ ಮಾಡಿದ್ದೆ. ಬೆಳ್ಳಿಗೆ ಹೀಗೆ ಮಾಡುವ ಗಾಳಿ ಅದರ ಹಿಂದೆಯೇ ಇರುವ ಎದೆಗೆ ಏನು ಮಾಡೀತು ಎಂದು ಹನ್ನೆರಡು ವರ್ಷದಲ್ಲಿ ಒಬ್ಬರಾದರೂ ಯೋಚಿಸಿದೆವಾ?

ನೀನು ಊಟದ ಗಂಗಾಳ ಎತ್ತಿ ಗೋಡೆಗೆ ಎಸೆದೆ ಎಂದು ವೈನಿ ಬಂದು ಹೇಳಿದಾಗ ನಾನು ನಂಬಲಿಲ್ಲ. ಬಸ್ಸಿನಲ್ಲಿ ಮಂದಿಯ ಜಗಳ ಬಿಡಿಸುವವನು ನೀನು. ಆಮೇಲೆ ಕಾಲಿಗೆ ಜೋಮು, ಅಂಗಿಯ ಗುಂಡಿ ಹಾಕಲು ಆಗದ ಬೆರಳು, ನಿದ್ದೆಯಲ್ಲಿ ಕೂಗುವುದು. ಡಾಕ್ಟರು ಸಕ್ಕರೆ ಕಾಯಿಲೆ ಇರಬೇಕು ಅಂದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇರಲಿಲ್ಲ. ಟೀ ಕಪ್ಪು ಹಿಡಿದ ನಿನ್ನ ಕೈ ನಡುಗುವುದನ್ನು ಕ್ಯಾಂಟೀನಿನಲ್ಲಿ ನಾನು ದಿನಾ ನೋಡುತ್ತಿದ್ದೆ. ಆ ರೂಮೇ ಕಾರಣ ಎಂದು ನಿನಗಿಂತ ಮೊದಲು ನನಗೆ ಅನ್ನಿಸಿತ್ತು. ಇದನ್ನು ನೆನಪಿಟ್ಟುಕೋ, ಮುಂದಿನದು ಓದುವಾಗ ಬೇಕಾಗುತ್ತದೆ.

ತೊಗಲಿನ ಸೆಕ್ಷನ್ ಶುರುವಾದಾಗ ನೋಟಿಸ್ ಬೋರ್ಡಿನ ಮುಂದೆ ಮೊದಲು ನಿಂತವನು ನೀನೇ. ಹೊಸ ಶೆಡ್ಡು. ದನದ ತೊಗಲಿನ ಒಳಪದರ ತಂದು, ಸುಣ್ಣದ ನೀರಿನಲ್ಲಿ ನೆನೆಸಿ ತೊಳೆದು, ಕಣಕದಂತೆ ಅರೆದು ಕೊಳವೆ ಮಾಡುವ ಕೆಲಸ. ಆ ಕೇಸಿಂಗನ್ನು ಸುಲಿಯಬೇಕಾಗಿಲ್ಲ, ಖೀಮಾದ ಜೊತೆಗೇ ತಿನ್ನುತ್ತಾರಂತೆ. ನಾತ ಅಲ್ಲೂ ಇತ್ತು, ಆದರೆ ಸಿ.ಎಸ್.ಟೂ ಇರಲಿಲ್ಲ. ಲಿಂಗ ಕಟ್ಟಿದ ನಮ್ಮವರು ಯಾರೂ ಹೆಸರು ಕೊಡಲಿಲ್ಲ. ನೀನು ಅರ್ಜಿ ಬರೆದು ಕೊಟ್ಟೆ. ಬಸ್ಸಿನಲ್ಲಿ ನನಗೆ ಹೇಳಿದೆ, "ತನ್ನ ತೊಡಿ ತೊಗಲ್ ಸುಲದು ಚಪ್ಪಲಿ ಹೊಲದ ಶರಣನ ಊರಾಗ ಹುಟ್ಟೀವಿ. ಅವಂಗ ಕೈ ಮುಗೀತೀವಿ. ತೊಗಲ್ ಮುಟ್ಟಾಕ ನಮಗ್ಯಾಕ ನಾಚಿಕಿ?" ಎಷ್ಟು ಸರಿಯಾಗಿ ಹೇಳಿದ್ದೆ. ನಾನು ಹೌದು ಹೌದು ಅಂದೆ.

ಮರುದಿನ ಶಿಫ್ಟ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. "ಧೂಳಪ್ಪ ಆ ಕಡೀಗ್ ಹೋದ್ರ ಚರ್ನಿಗಿ ನಿನ್ನೇ ಹಾಕಬೇಕಾಗತದ, ತಯಾರ್ ಇರು" ಅಂದರು. ಅಷ್ಟೇ. ಈ ಮಾತು ನಾನು ನಿನಗೆ ಯಾವತ್ತೂ ಹೇಳಲಿಲ್ಲ. ನಿನ್ನ ಕೈ ನಡುಗುವುದು ಕಣ್ಣ ಮುಂದೆ ಬಂತು. ನಿನ್ನ ಕೈ ಅಲ್ಲ ಧೂಳಪ್ಪ, ನನ್ನ ಕೈ ನಡುಗಿದಂತೆ ಕಂಡಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನೀನು ಬುತ್ತಿ ಬಿಚ್ಚಿದೆ. ಹತ್ತು ಹನ್ನೆರಡು ಮಂದಿ ಇದ್ದೆವು, ಎಲ್ಲ ನಮ್ಮ ಕಡೆಯವರೇ. ನಾನು ಎಲ್ಲರಿಗೂ ಕೇಳುವಂತೆ ಅಂದೆ, "ಏನೋ ಧೂಳ್ಯಾ, ನಾಳಿಂದ ತೊಗಲ್ ತೊಳ್ಯಾಂವ ಆಗ್ತಿ. ಲಿಂಗಕ್ಕ ಯಾವ್ ಕೈ ಹಚ್ತಿ, ತೊಗಲಿಗಿ ಯಾವ್ ಕೈ ಹಚ್ತಿ, ಈಗೇ ಹೇಳಿಬಿಡು. ನಮ್ಮನ್ಯಾಗ ನಿನಗ ಬ್ಯಾರೆ ಗಂಗಾಳ ತಗದಿಡಾಕ ಹೇಳ್ತೀನಿ." ಎಲ್ಲರೂ ಹೋ ಎಂದು ನಕ್ಕರು. ನೀನೂ ನಕ್ಕೆ. ಮರುದಿನ ಯಾರೋ ನಿನ್ನ ಬುತ್ತಿಯನ್ನು ಬೇರೆ ಟೇಬಲ್ಲಿನ ಮೇಲೆ ಇಟ್ಟಿದ್ದರು, ಅದೂ ಚಾಷ್ಟಿಗೇ. ಅವತ್ತೂ ನೀನು ನಕ್ಕೆ. ಮೂರನೇ ದಿನ ಆಫೀಸಿಗೆ ಹೋಗಿ ಅರ್ಜಿ ವಾಪಸ್ ತಗೊಂಡೆ. "ಬ್ಯಾಡ ಬಿಡೋ, ಕಸ್ತೂರಿಗೂ ಮನಸಿಲ್ಲ" ಎಂದು ಬಸ್ಸಿನಲ್ಲಿ ಹೇಳಿ ಕಿಟಕಿಯ ಆಚೆ ನೋಡುತ್ತಾ ಕೂತೆ. ನಾನು ನಿನ್ನ ಹೆಗಲ ಮೇಲೆ ಕೈ ಹಾಕಿದೆ. ಸಮಾಧಾನ ಆಗಿತ್ತು ನನಗೆ. ಬರೆಯುವಾಗ ಕೈ ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ, ಆದರೆ ಅವತ್ತು ನಿಜವಾಗಿ ಸಮಾಧಾನ ಆಗಿತ್ತು.

ಆಮೇಲಿನ ಎರಡು ವರ್ಷ ನೀನು ಕಾಲೆಳೆದುಕೊಂಡೇ ಪಾಳಿಗೆ ಬಂದೆ. ಕೊನೆಗೆ ಅದೂ ಆಗದೆ ಮನೆ ಹಿಡಿದೆ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಕೈ ತೊಳೆಯಲು ಏಳಲಿಲ್ಲ. ಹಾರ್ಟ್ ಅಂದರು.

ನಿನ್ನ ಗಣಾರಾಧನೆಯ ದಿನ ಸ್ವಾಮಿಗಳು ಮಾತಾಡಿದ್ದು ನೀನು ಕೇಳಬೇಕಿತ್ತು. ಅರ್ಜಿಯ ಸಂಗತಿ ಅವರ ಕಿವಿಗೆ ಯಾರೋ ಹಾಕಿದ್ದರು. "ಧೂಳಪ್ಪ ಜೀವ ಬಿಟ್ಟ, ಆಚಾರ ಬಿಡಲಿಲ್ಲ. ಲಿಂಗ ಹಿಡಿಯುವ ಕೈಯಿಂದ ತೊಗಲು ಮುಟ್ಟಲಿಲ್ಲ" ಅಂದರು. ಸಭೆಯೆಲ್ಲ ತಲೆದೂಗಿತು. ವೈನಿ ಹನ್ನೊಂದು ದಿನದಲ್ಲಿ ಮೊದಲ ಸಲ ತಲೆ ಎತ್ತಿ ಕೂತರು. ನಾನು ಬಡಿಸುವವರ ಸಾಲಿನಲ್ಲಿ ಹುಗ್ಗಿಯ ಬಕೆಟ್ಟು ಹಿಡಿದು ನಿಂತಿದ್ದೆ. ಅವತ್ತು ಬಾಯಿ ಬಿಡಬಹುದಿತ್ತು. ಹುಗ್ಗಿ ಬಡಿಸಿದೆ.

ಸೂರ್ಯಕಾಂತನನ್ನು ನೀನೇ ಕೆಲಸಕ್ಕೆ ಪಳಗಿಸಿದ್ದೆ. ಮುಡಬಿಯವನು, ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನೀನು ಮನೆ ಹಿಡಿದ ಮೇಲೆ ಚರ್ನಿಗೆ ಅವನನ್ನು ಹಾಕಿದರು. ಈ ವರ್ಷ ಅವನಿಗೂ ಕಾಲಿಗೆ ಜೋಮು. ತೊಗಲಿನ ಕಡೆ ಮತ್ತೊಂದು ಜಾಗ ಆಯಿತು, ಆಫೀಸಿನವರೇ ಕರೆದು ಕೇಳಿದರು. ಅವನು ಒಲ್ಲೆ ಅಂದ. ಯಾಕೋ ಎಂದು ಕೇಳಿದೆ. "ಧೂಳಪ್ಪ ಕಾಕಾ ಜೀವಾ ಹೋದ್ರೂ ಮುಟ್ಟಿಲ್ಲ. ನಾ ಹ್ಯಾಂಗ್ ಮುಟ್ಟಲಿ ಕಾಕಾ? ನಮ್ ಮಂದಿ ಮುಂದ ಹ್ಯಾಂಗ್ ಮಾರಿ ತೋರಿಸ್ಲಿ?" ಅಂದ. ನಿನ್ನ ಹೆಸರು ಹೇಳಿಕೊಂಡು ಅವನು ಸಾಯಲು ಹೊರಟಿದ್ದ. ಅದೂ ನಾನು ಹೇಳಿದ ಒಂದು ಸುಳ್ಳು ನಗೆಮಾತಿಗೆ...

ಮೊದಲು ವೈನಿಗೆ ಹೇಳಬೇಕು ಅನ್ನಿಸಿತು. ರವಿವಾರ ಬೆಳಿಗ್ಗೆ ಹೋದೆ. ನಿನ್ನ ಫೋಟೋಗೆ ವಿಭೂತಿ ಹಚ್ಚುತ್ತಿದ್ದರು. ಕೂತು ಎಲ್ಲ ಹೇಳಿದೆ, ಸಾಹೇಬರ ಮಾತು, ಕ್ಯಾಂಟೀನು, ಬೇರೆ ಗಂಗಾಳ. ಅತ್ತುಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. "ಅವರು ಅರ್ಜಿ ವಾಪಸ್ ತಗೊಂಡ್ ದಿನ ಊಟ ಮಾಡಿರಲಿಲ್ಲಣ್ಣಾ. ನನಗ ಮನಸಿಲ್ಲಂತ ನಾ ಎಂದೂ ಅಂದಿಲ್ಲ. ಹೋಗ್ರಿ ಅಂತ ನಾನೇ ಅಂದಿದ್ದೆ" ಅಂದರು. ಆಮೇಲೆ ಕೈಯಲ್ಲಿದ್ದ ವಿಭೂತಿ ಕೆಳಗಿಟ್ಟು, "ಖರೇ ಹೇಳಿ ನೀವು ಹಗುರ ಆದ್ರಿ. ನಾ ಇನ್ ಏನ್ ಹಿಡ್ಕೊಂಡ್ ಕೂಡ್ಲಿ? ಸ್ವಾಮಿಗೋಳು ಅಂದಿದ್ ಮಾತೊಂದ್ ಇತ್ತು. ಇದನ್ನ ಮಂದಿ ಮುಂದ ಹೇಳಬ್ಯಾಡ್ರಿ" ಅಂದರು.

ನಾನು ಹೇಳಿದೆ, ಧೂಳಪ್ಪ. ಸೋಮವಾರ ಬಸ್ ಸ್ಟ್ಯಾಂಡಿನಲ್ಲೇ ಸೂರ್ಯಕಾಂತನಿಗೆ ಹೇಳಿದೆ. ಅವನು ನನ್ನ ಮುಖ ನೋಡಿದ, ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತ. ಗುರುವಾರ ತೊಗಲಿನ ಸೆಕ್ಷನ್ನಿಗೆ ಸಹಿ ಮಾಡಿದ. ಮಾತು ಒಂದು ವಾರದಲ್ಲಿ ಕಲ್ಯಾಣ ತುಂಬ ಹಬ್ಬಿತು. ವೈನಿ ಈಗ ನನಗೆ ಬಾಗಿಲು ತೆಗೆಯುವುದಿಲ್ಲ. ಕಿಟಕಿಯಿಂದ ನೋಡಿ ಒಳಗೆ ಹೋಗುತ್ತಾರೆ. ಅವರದು ತಪ್ಪು ಎಂದು ಯಾವ ಬಾಯಿಂದ ಹೇಳಲಿ?

ಸೂರ್ಯಕಾಂತನ ಜಾಗ ಖಾಲಿಯಾದದ್ದೇ ನಾನು ಆಫೀಸಿಗೆ ಹೋದೆ. ಚರ್ನ್ ರೂಮಿಗೆ ನನ್ನನ್ನು ಹಾಕಿರಿ ಅಂದೆ. ಸಾಯುವ ಧೈರ್ಯ ಬಂದಿತ್ತು ಅಂತಲ್ಲ. ನಿನಗೆ ಕೊಡಲು ನನ್ನ ಹತ್ತಿರ ಬೇರೇನೂ ಉಳಿದಿರಲಿಲ್ಲ. ಆಫೀಸಿನ ಮೇಡಂ ನನ್ನ ಫೈಲು ತೆಗೆದು ನೋಡಿ, "ನಿಮಗ ಆಗಂಗಿಲ್ರಿ" ಅಂದರು. "ವಯಸ್ಸಾತು ಅಂತೇನ್ರಿ?" ಅಂದೆ. "ವಯಸ್ಸಿಂದಲ್ರಿ. ನೀವು ಸೇರಿದ ದಿನಾನೇ ಡಾಕ್ಟರ್ ಬರದಾರ ನೋಡ್ರಿ. ಬಿ.ಪಿ. ಅದ, ಎದಿ ಬಡಿತ ನೆಟ್ಟಗಿಲ್ಲ, ಇವರನ್ನ ಚರ್ನ್ ರೂಮಿಗಿ ಎಂದೂ ಹಾಕಬಾರದು ಅಂತ. ಕೆಳಗ ನಿಮ್ದೇ ಸಹಿ ಅದ." ಇಂಗ್ಲಿಷಿನ ಕಾಗದ. ಅದರ ಕೆಳಗೆ ಕನ್ನಡದಲ್ಲಿ ನನ್ನ ಸಹಿ. "ಮತ್ತ ಆವಾಗ ಸಾಹೇಬರು ನಿನ್ನೇ ಹಾಕ್ತೀನಿ ಅಂದಿದ್ರಲ್ರಿ?" ಅಂದೆ. "ಫೈಲ್ ನೋಡ್ದೇ ಅಂದಿರಬೇಕ್ರಿ. ಅದು ಅವರ ಕೈಯಾಗೇ ಇರಲಿಲ್ಲ" ಎಂದು ಫೈಲು ಮುಚ್ಚಿದರು. ಆ ಸಾಹೇಬರು ಕೆಲಸ ಬಿಟ್ಟು ಹೋಗಿ ವರ್ಷದ ಮೇಲಾಯಿತು. ಹೋಗಿ ಕೇಳಿದರೆ ಅವರಿಗೆ ಆ ಮಾತು ನೆನಪಾದರೂ ಇದ್ದೀತೇ?

ಆ ರೂಮಿಗೆ ಈಗ ಘಾಟಬೋರಾಳದ ಹೊಸಬನೊಬ್ಬನನ್ನು ಹಾಕಿದ್ದಾರೆ. ಅವನನ್ನು ಕೂರಿಸಿಕೊಂಡು ಎಲ್ಲ ಹೇಳುತ್ತೇನೆ, ನಿನ್ನ ಹೆಸರು ಹಿಡಿದು, ನನ್ನ ಹೆಸರು ಹಿಡಿದು. ಅದೊಂದು ಮಾತು ಕೊಡಬಲ್ಲೆ. ಅವನು ಕೇಳುತ್ತಾನೋ ಇಲ್ಲವೋ ಗೊತ್ತಿಲ್ಲ.

ನಿನಗೆ ಹೇಳಬೇಕಾದದ್ದು ಇಷ್ಟೇ. ನೀನು ಅವತ್ತು ತೊಗಲಿನ ಕಡೆ ಹೋಗಿದ್ದರೂ ನನ್ನನ್ನು ಆ ರೂಮಿಗೆ ಯಾರೂ ಕಳಿಸುತ್ತಿರಲಿಲ್ಲ, ಧೂಳಪ್ಪ. ನಾನು ಹೆದರಿದ್ದು ಇಲ್ಲದ್ದಕ್ಕೆ. ನಾನೂ ಇರುತ್ತಿದ್ದೆ, ನೀನೂ ಇರುತ್ತಿದ್ದೆ.

ನಿನ್ನ
ವೀರಶೆಟ್ಟಿ