ಗುಲಾಬಿಯಕ್ಕನ ‘ಪೋಪೆ’

ಗುಲಾಬಿಯಕ್ಕಾ,

ಬರೆದದ್ದನ್ನು ಪೂರ್ತಿ ನಂಬಬಾರದು ಎಂದು ನನಗೆ ತೋರಿಸಿಕೊಟ್ಟವರು ನೀವೊಬ್ಬರೇ. ಈಗ ನಿಮಗೇ ಕಾಗದ ಬರೆಯಲು ಕೂತಿದ್ದೇನೆ. ನಗಬೇಡಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ತಪ್ಪೊಪ್ಪಿಕೊಳ್ಳಲು ಬೇರೆ ದಾರಿ ಗೊತ್ತಿಲ್ಲ.

ನಿಮ್ಮನ್ನು ಮೊದಲು ಕಂಡದ್ದು ನಾರಾವಿ ಬಸ್ಸಿನಲ್ಲಿ. ಬೀಡಿ ಕಟ್ಟಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತು ಏನೋ ಗುನುಗುತ್ತಿದ್ದಿರಿ. ಯಾವ ಹಾಡು ಎಂದು ಕೇಳಿದೆ. ನನ್ನ ಕನ್ನಡಕ, ಕೊಡೆ ನೋಡಿಯೇ ನನ್ನ ಕಸುಬು ತಿಳಿದಿರಬೇಕು. “ಹಾಡಲ್ಲ ಟೀಚರೇ, ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೇಳುವಂಥದ್ದು” ಅಂದಿರಿ. ಮೂಡುಬಿದಿರೆಯಲ್ಲಿ ನಾವು ಹದಿನಾಲ್ಕು ಜನ ಭಾನುವಾರ ಸಂಜೆ ಸೇರಿ ದೇಶದೇಶಗಳ ಜನಪದ ಹಾಡು ಹೇಳುತ್ತೇವೆ, ನೀವೂ ಬನ್ನಿ ಎಂದೆ. ನೀವು ಸ್ವಲ್ಪ ಯೋಚಿಸಿ, “ಚಾ ಉಂಟಾ?” ಎಂದು ಕೇಳಿದಿರಿ. ಉಂಟು ಎಂದೆ. “ಹಾಗಾದ್ರೆ ಬರ್ತೇನೆ.”

ಮೊದಲ ಭಾನುವಾರ ನಾವು ಫಿಲಿಪ್ಪೀನ್ಸಿನ ಒಂದು ಜೋಗುಳ ಕಲಿಯುತ್ತಿದ್ದೆವು. ಕುವೈತಿನಲ್ಲಿ ನರ್ಸ್ ಆಗಿದ್ದು ಬೆಳ್ತಂಗಡಿಗೆ ಮರಳಿದ ನಮ್ಮ ಐರಿನ್ ತಂದ ಹಾಡು ಅದು. ಎಲ್ಲ ಹಾಡುಗಳ ಹಾಗೆ ಅದನ್ನೂ ನಾನು ಕನ್ನಡ ಅಕ್ಷರದಲ್ಲಿ ದುಂಡಗೆ ಬರೆದು, ಜೆರಾಕ್ಸ್ ಮಾಡಿಸಿ ಹಂಚಿದ್ದೆ. ನೀವು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಐರಿನ್‌ಳನ್ನು ಕೇಳಿದಿರಿ: “ನಾವು ಹೇಳಿದ್ದು ಆ ಊರಿನವರಿಗೆ ಗೊತ್ತಾಗ್ತದಾ ಮಾರಾಯ್ತಿ?” ಎಲ್ಲರೂ ನಕ್ಕೆವು. ಹೆಚ್ಚು ನಕ್ಕವಳು ನಾನು. ಕನ್ನಡದಲ್ಲಿ ಬರೆದ ಹಾಗೆ ಓದು, ಓದಿದ ಹಾಗೆ ಬರೆ ಎಂದು ಮಕ್ಕಳಿಗೆ ಎದೆ ಉಬ್ಬಿಸಿ ಹೇಳುತ್ತಿದ್ದವಳಲ್ಲವೇ?

ನಿಮ್ಮ ಹಾಡಿನ ಸರದಿ ಬಂದ ದಿನ ನೆನಪಿದೆ. ಕುರ್ಚಿಯಲ್ಲಿ ಕೂತು ಹೇಳಲು ಬರುವುದಿಲ್ಲ ಎಂದು ಎದ್ದು ನಿಂತು, ಸೊಂಟ ಬಗ್ಗಿಸಿ, ಬರಿಗೈಯಲ್ಲೇ ನೇಜಿ ನೆಡುತ್ತ ಹಿಂದೆ ಹಿಂದೆ ಸರಿಯುತ್ತ ಹೇಳಿದಿರಿ. ಗೋಡೆಗೆ ಬೆನ್ನು ತಾಗಿದಾಗ ಹಾಡೂ ಮುಗಿಯಿತು. ಗದ್ದೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವ ತುಳು ಹಾಡು. ಪ್ರತಿ ಸಾಲಿನ ಕೊನೆಗೂ ‘ಪೋಪೆ’. ನನ್ನ ಮನೆಮಾತು ಕೊಂಕಣಿ, ತುಳು ಪೇಟೆಯಲ್ಲಿ ಕಲಿತದ್ದು. ಆದರೂ ಎರಡು ಸಲ ಹೇಳಿಸಿಕೊಂಡು ಬರೆದುಬಿಟ್ಟೆ. ಇನ್ನು ಗುಲಾಬಿಯಕ್ಕನಿಗೆ ತೊಂದರೆ ಕೊಡುವುದು ಬೇಡ, ಹಾಳೆ ನೋಡಿ ಕಲಿಯಿರಿ ಎಂದೆ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹಾಳೆ ನೋಡಿ ಎಂದವಳಿಗೆ ಏನು ಹೇಳಬೇಕು?

ಬೆಳ್ತಂಗಡಿಯ ಕಾರ್ಯಕ್ರಮದಲ್ಲಿ ನಾನು ಮೈಕ್ ಹಿಡಿದು ಪೀಠಿಕೆ ಹಾಕಿದೆ. ಗಂಡ ಪರವೂರಿಗೆ ಹೊರಟಾಗ ಗದ್ದೆಯಲ್ಲಿರುವ ಹೆಂಡತಿ ಹಾಡುವ ವಿರಹಗೀತೆ ಇದು, ‘ಹೋಗುತ್ತಾನೆ, ಹೋಗುತ್ತಾನೆ’ ಎಂದು ಅವಳ ಎದೆ ಒಡೆಯುತ್ತದೆ ಎಂದೆಲ್ಲ. ಅಭ್ಯಾಸದಲ್ಲಿ ನನ್ನ ಉಚ್ಚಾರವನ್ನೇ ಕೇಳಿ ಕೇಳಿ ನಮ್ಮ ಕೂಟದ ತುಳುವರ ಬಾಯಿಗೂ ಹಾಗೆಯೇ ಬಂದಿತ್ತು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ನೀವು ಮೆಲ್ಲನೆ ಕೇಳಿದಿರಿ: “ಗಂಡ ಎಲ್ಲಿಗೆ ಹೋದದ್ದು ಟೀಚರೇ? ಅವನು ಮನೆಯಲ್ಲೇ ಇದ್ದನಲ್ಲ!”

ಆಮೇಲೆ ವಿವರಿಸಿದಿರಿ. ಹೋಗುವವಳು ಅವಳೇ. ನೆಟ್ಟು ಮುಗಿಸಿ, ನೇಜಿಗೆ ಮುಖ ಮಾಡಿ ‘ನಾನು ಹೋಗುತ್ತೇನೆ’ ಅನ್ನುತ್ತಾಳೆ. ಆ ‘ಪೋಪೆ’ಯ ಕೊನೆಗೆ ಬಾಯಿ ಅಗಲವಾಗಿ ತೆರೆಯಬೇಕು, ತೆರೆಯದಿದ್ದರೆ ‘ಅವನು ಹೋಗುತ್ತಾನೆ’ ಎಂದಾಗುತ್ತದೆ. ಕನ್ನಡ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ. ಬರೇ ಹೋಗುತ್ತೇನೆ ಅನ್ನುವುದು ಯಾಕೆ, ನಮ್ಮಲ್ಲಿ ಹೋಗಿ ಬರುತ್ತೇನೆ ಅನ್ನಬೇಕಲ್ಲ ಎಂದು ನಾನು ಅಡ್ಡ ಮಾತು ತೆಗೆದೆ. “ನೇಜಿಗೆ ಹಾಗೆ ಹೇಳ್ಲಿಕ್ಕಿಲ್ಲ. ಬರ್ತೇನೆ ಅಂದ್ರೆ ಅದು ಕಾಯ್ತಾ ನಿಲ್ತದೆ, ಬೇರು ಬಿಡುದಿಲ್ಲ.” ಎಷ್ಟು ಚಂದದ ಮಾತು ಅಕ್ಕ ಅದು! ನಾನು ಏನೆಂದೆ? “ಅಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಗೊತ್ತಾಗ್ತದೆ, ಬಿಡಿ” ಎಂದೆ. ನೀವು “ಆಯ್ತು” ಎಂದು ಬಿಟ್ಟಿರಿ.

ಬಿಟ್ಟದ್ದು ಮಾತನ್ನು ಮಾತ್ರವಲ್ಲ. ಆಮೇಲಿನ ಭಾನುವಾರಗಳಲ್ಲೂ ಬಂದಿರಿ, ಚಾ ಕುಡಿದಿರಿ, ಎಲ್ಲರ ಹಾಡಿಗೂ ದನಿ ಸೇರಿಸಿದಿರಿ. ನಿಮ್ಮ ಹಾಡು ಬಂದಾಗ ಮಾತ್ರ ತುಟಿ ಮುಚ್ಚಿ ಗುನುಗಿದಿರಿ. ಅದು ನನಗೆ ಕಂಡಿತ್ತು. ಕಂಡೂ ಕೇಳಲಿಲ್ಲ. ಕೊನೆಯ ಭಾನುವಾರ ಬಾಗಿಲಲ್ಲಿ ಕೊಡೆ ಬಿಚ್ಚುತ್ತ, ಬಾಯಿ ಅಗಲ ಮಾಡಿ, “ಪೋಪೆ ಟೀಚರೇ” ಅಂದಿರಿ. ‘ಪೋದು ಬರ್ಪೆ’, ಹೋಗಿ ಬರುತ್ತೇನೆ ಅನ್ನಿ ಗುಲಾಬಿಯಕ್ಕ, ಬರೇ ಪೋಪೆ ಅನ್ನಬಾರದು ಎಂದು ನಾನು ಅಲ್ಲೂ ತಿದ್ದಿದೆ. ನೀವು ನಕ್ಕು ಮೆಟ್ಟಿಲಿಳಿದಿರಿ. ಮುಂದಿನ ಭಾನುವಾರ ಬರುವ ಮೊದಲೇ ನಿಮ್ಮ ಸೊಸೆಯ ಫೋನ್ ಬಂತು. ಎದೆನೋವು ಎಂದವರು ಆಸ್ಪತ್ರೆ ತಲುಪುವವರೆಗೂ ಇರಲಿಲ್ಲವಂತೆ…

ನಿಮಗೆ ಗೊತ್ತಿಲ್ಲದ ಸುದ್ದಿಯೊಂದು ಉಂಟು. ದೀಪಾವಳಿ ಕಳೆದ ಮೇಲೆ ಐರಿನ್ ನಮ್ಮ ಜೋಗುಳವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕುವೈತಿನ ತನ್ನ ಫಿಲಿಪ್ಪೀನ್ಸ್ ಗೆಳತಿಗೆ ಕಳಿಸಿದಳು. ಅವಳಿಗೆ ಬಹಳ ಖುಷಿಯಾಯಿತಂತೆ, ನಗುವೂ ಬಂತಂತೆ. ಅವರ ಮಾತಿನಲ್ಲಿ ‘ಬಾತ’ ಎಂದರೆ ಮಗು. ಕೊನೆಗೆ ಗಂಟಲಲ್ಲಿ ತಟ್ಟನೆ ತಡೆಯಬೇಕು. ತಡೆಯದೆ ಹಾಗೇ ಬಿಟ್ಟರೆ ಅದು ನಿಲುವಂಗಿ. ಇಷ್ಟು ದಿನ ನಾವು ಒಂದು ಅಂಗಿಯನ್ನು ತೂಗಿ ತೂಗಿ ಮಲಗಿಸುತ್ತಿದ್ದೆವು, ಗುಲಾಬಿಯಕ್ಕ! ಅವರೂ ಎರಡನ್ನೂ ಒಂದೇ ಥರ ಬರೆಯುತ್ತಾರಂತೆ. ನೀವು ಮೊದಲ ದಿನವೇ ಕೇಳಿದ ಪ್ರಶ್ನೆಗೆ ಅಷ್ಟು ದೂರದಿಂದ ಉತ್ತರ ಬಂತು.

ಆ ಒಂದು ತಡೆಗೆ ಎರಡು ಭಾನುವಾರ ಕೊಟ್ಟೆ. ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ಹೇಳಿಸಿದೆ. ಕಲ್ಲಡ್ಕದ ಹೋಟೆಲಿನ ದಾಮೋದರಣ್ಣನಿಗೆ ಬಿಕ್ಕಳಿಕೆಯೇ ಹಿಡಿಯಿತು. ಎರಡನೆಯ ಭಾನುವಾರ ಚಾ ಕುಡಿಯುವಾಗ ಐರಿನ್ ಅಂದಳು: “ನೋಡದ ಊರಿನ ಸ್ವರಕ್ಕೆ ಇಷ್ಟು ಕಷ್ಟಪಡ್ತೇವೆ. ಗುಲಾಬಿಯಕ್ಕನ ಹಾಡಿನಲ್ಲಿ ಏನಾದ್ರೂ ತಪ್ಪಿತ್ತಾ ಟೀಚರ್? ಅವರು ಅದೊಂದಕ್ಕೆ ಮಾತ್ರ ಬಾಯಿ ಬಿಡ್ತಿರಲಿಲ್ಲ.” ಲೋಟ ಕೆಳಗಿಟ್ಟೆ. ಹೇಳಿಬಿಟ್ಟೆ, ಎಲ್ಲರ ಎದುರು. ನಾಚಿಕೆಯಾಯಿತು, ಅತ್ತೂಬಿಟ್ಟೆ. ನೀವಿರುವಾಗ ಹೇಳಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು.

ಆಮೇಲೆ ಹಾಳೆಗಳನ್ನೆಲ್ಲ ವಾಪಸು ತೆಗೆದುಕೊಂಡೆ. ನಿಮ್ಮ ಜೊತೆ ನೇಜಿ ನೆಡುತ್ತಿದ್ದ ಕಮಲಕ್ಕನನ್ನು ನಾರಾವಿಯಿಂದ ಕರೆಸಿ, ಅವರ ಬಾಯಿ ನೋಡುತ್ತ ಕಲಿತೆವು. ಕಳೆದ ಭಾನುವಾರ ನಿಮ್ಮೂರಿನ ಶಾಲೆಯ ಜಗಲಿಯಲ್ಲಿ ಹಾಡಿದೆವು. ಈ ಸಲ ಪೀಠಿಕೆ ಇರಲಿಲ್ಲ. ‘ಹಿಂದೆ ಇದನ್ನು ತಪ್ಪು ಹಾಡಿದೆವು, ತಪ್ಪು ನನ್ನದು, ಹಾಡು ಗುಲಾಬಿಯಕ್ಕನದು’ ಎಂದಷ್ಟೇ ಹೇಳಿದೆ. ಹದಿನಾಲ್ಕು ಬಾಯಿ ಒಟ್ಟಿಗೆ ಅಗಲವಾಗಿ ತೆರೆದವು. ಮುಗಿದ ಮೇಲೆ ಕಮಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಈಗ ಸರಿ ಉಂಟು ಟೀಚರೇ. ಈಗ ಹೋದದ್ದು ಗುಲಾಬಿಯೇ” ಅಂದರು.

ಬಾಗಿಲಲ್ಲಿ ನಿಮ್ಮನ್ನು ತಿದ್ದಿದೆನಲ್ಲ, ಆ ಮಾತನ್ನು ಹಿಂದೆ ತೆಗೆದುಕೊಂಡಿದ್ದೇನೆ. ನೀವು ಹೇಳಿದ್ದೇ ಸರಿ. ಹೋಗಿ ಬನ್ನಿ ಅನ್ನುವುದಿಲ್ಲ.

ಹೋಗಿ, ಗುಲಾಬಿಯಕ್ಕ. ನಾವು ಕಾಯುತ್ತಾ ನಿಂತಿಲ್ಲ. ಬೇರು ಬಿಟ್ಟಿದ್ದೇವೆ.

ನಿಮ್ಮ
ಟೀಚರು