ಹನ್ನೆರಡನೆಯ ಪುಟ

ಫೆಬ್ರವರಿ 9, 1987. ಸೋಮವಾರ

ಆಫೀಸಿನಿಂದ ನೇರ ಮುಲುಂಡ್ ಕನ್ನಡ ಸಂಘಕ್ಕೆ. ಈ ತಿಂಗಳ ಭಿತ್ತಿಪತ್ರಿಕೆಗೆ ನನ್ನ ಲೇಖನ ಕೊಟ್ಟೆ. ಹನ್ನೊಂದು ಪುಟ. ಕಾರ್ಯದರ್ಶಿ ರಾಮಸ್ವಾಮಿ ಓದಲಿಲ್ಲ, ಎಣಿಸಿದರು.

“ಕೌಸಲ್ಯಾ ಅವರೇ, ಒಂದು ಪುಟ ಸಾಕು. ನಮ್ಮ ಜನ ಲೋಕಲ್ ಟ್ರೇನಿಗೆ ಓಡೋರು. ನಿಂತುಕೊಂಡು ಇಷ್ಟುದ್ದ ಯಾರು ಓದ್ತಾರೆ?”

ಫೆಬ್ರವರಿ 10

ಕತ್ತರಿಸಲು ಕೂತೆ. ನಿಂಗಣ್ಣ, ಬಿಲ್ಡಿಂಗ್ ಕೆಲಸದವನು, ಹೋದ ತಿಂಗಳು ನಾಲ್ಕನೇ ಮಹಡಿಯಿಂದ ಬಿದ್ದು ಸತ್ತ. ‘ನಮ್ಮಲ್ಲಿ ಅಂಥವನೇ ಇರಲಿಲ್ಲ’ ಅನ್ನುತ್ತಾನೆ ಬಿಲ್ಡರ್. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ... ಇಷ್ಟು ಒಂದು ಪುಟಕ್ಕೆ ಹಿಡಿಯಿತು. ಅವನ ಹೆಂಡತಿ ಹಾಲವ್ವ ಹೇಳಿದ್ದು ಹಿಡಿಯಲಿಲ್ಲ. “ಅವರ ಚಪ್ಪಲಿ ಇನ್ನೂ ನಾಕನೇ ಮಾಳಿಗಿ ಮ್ಯಾಲ ಅದಾವ ಅಕ್ಕಾರ. ಅಲ್ಲಿ ಕೆಲಸಾನ ಮಾಡಿಲ್ಲಂದ್ರ ಚಪ್ಪಲಿ ಹ್ಯಾಂಗ ಏರಿ ಹೋದುವು?”

ಹರಿದು ಹಾಕಿದೆ. ಹನ್ನೊಂದನ್ನಲ್ಲ— ಆ ಒಂದನ್ನು.

ಫೆಬ್ರವರಿ 14. ಶನಿವಾರ, ಸಂಜೆ

ಯಾರನ್ನೂ ಕೇಳದೆ ಹನ್ನೊಂದನ್ನೂ ಹಾಕಿದೆ. ಬೋರ್ಡಿನಲ್ಲಿ ಆರು, ಪಕ್ಕದ ಗೋಡೆಗೆ ಐದು. ಪೇಪರ್ ಓದುವವಳಂತೆ ಬೆಂಚಿನಲ್ಲಿ ಕೂತು ನೋಡಿದೆ. ಏಳು ಜನ ಬಂದರು. ನಾಲ್ಕನೆಯ ಪುಟ ದಾಟಿದವರು ಒಬ್ಬರೂ ಇಲ್ಲ. ಬ್ಯಾಂಕಿನ ಸತ್ಯಮೂರ್ತಿ ಆಕಳಿಸಿದರು.

“ನಾನು ಹೇಳಿರಲಿಲ್ವಾ?” ರಾಮಸ್ವಾಮಿ ನಕ್ಕರು.

ಒಂದು ಹಾಳೆಯನ್ನೂ ತೆಗೆಯಲಿಲ್ಲ. ತೆಗೆಯುವುದೂ ಇಲ್ಲ.

ಫೆಬ್ರವರಿ 15. ಭಾನುವಾರ

ಹಾಲವ್ವ ಬಂದಳು. ಜೊತೆಗೆ ಸೈಟಿನ ಐದಾರು ಜನ. ಯಾರಿಗೂ ಓದಲು ಬರುವುದಿಲ್ಲ, ನಾನೇ ಓದಿದೆ. ಯಾರೂ ಕದಲಲಿಲ್ಲ. ಒಂಬತ್ತನೆಯ ಪುಟದಲ್ಲಿ, ಅಂದು ಹರಿದ ಸಾರುವೆಯ ಹಗ್ಗವನ್ನು ನಿಂಗಣ್ಣನೇ ಕಟ್ಟಿದ್ದ ಎಂಬಲ್ಲಿಗೆ ಬಂದಾಗ, ಗೌಂಡಿ ಅಣವೀರಪ್ಪ ಕೈ ಎತ್ತಿದ.

“ಅಲ್ಲಿ ತಪ್ಪೈತ್ರಿ ಅಕ್ಕಾರ. ಹಗ್ಗಾ ಕಟ್ಟಿದಾಂವ ನಾ.”

ಹಾಲವ್ವ ಅವನನ್ನೇ ನೋಡಿದಳು.

“ಹಳೇ ಹಗ್ಗ ಇತ್ತು. ಹೊಸಾದು ಬೇಡಿದ್ವಿ, ಕೊಡಲಿಲ್ಲ. ನಿಂಗಣ್ಣ ನನ್ನ ಬಾಜೂಕ ನಿಂತಿದ್ದ. ಎಲ್ಲಿ ಬೇಕಲ್ಲಿ ಬಂದು ಹೇಳ್ತೀನಿ.”

“ಕೆಲಸ ಹೋದೀತು,” ಎಂದೆ.

“ಹೋಗಲೇಳ್ರಿ.”

ಅವನ ಮಾತು ಹಾಗೇ ಬರೆದುಕೊಂಡೆ. ಕೆಳಗೆ ಹೆಬ್ಬೆಟ್ಟು ಒತ್ತಿದ. ಹನ್ನೆರಡನೆಯ ಪುಟವೆಂದು ಅಂಟಿಸಿದೆ. ಹೊರಡುವಾಗ ಹಾಲವ್ವ ಅವನಿಗೆ, “ನಡಿ ಅಣ್ಣಾ” ಅಂದಳು.

ಫೆಬ್ರವರಿ 17

ಬೋರ್ಡು ಬರಿದು. ಗೋಡೆಯೂ.

“ತುಂಬಾ ಉದ್ದ ಆಯ್ತು ಅಂತ ಕಂಪ್ಲೇಂಟು,” ಎಂದರು ರಾಮಸ್ವಾಮಿ. ಸಂಘದ ಹೊಸ ಹಾಲ್‌ಗೆ ಟೈಲ್ಸ್ ಹಾಕಿಸಿಕೊಡುವವನು ಅದೇ ಬಿಲ್ಡರ್. ಎಲ್ಲರಿಗೂ ಗೊತ್ತು.

“ಯಾವ ಪುಟ ಉದ್ದ ಆಯ್ತು?”

ಕನ್ನಡಕ ಒರೆಸಿದರು. “...ಹನ್ನೆರಡನೇದು.”

“ಹಾಗಾದ್ರೆ ಕೊನೇವರೆಗೂ ಓದಿದೀರಿ.”

ಡ್ರಾಯರಿನಿಂದ ಹನ್ನೆರಡೂ ಹಾಳೆ ತೆಗೆದು ಕೈಗಿಟ್ಟರು. ಒಂದೂ ಹರಿದಿರಲಿಲ್ಲ. “ಇಲ್ಲಿ ಹಾಕೋಕಾಗಲ್ಲಮ್ಮ. ಲೇಬರ್ ಆಫೀಸಿಗೆ ತಗೊಂಡು ಹೋಗಿ.”

ಕ್ಷಮಿಸಿಲ್ಲ ಅವರನ್ನು. ಹಾಳೆ ತಗೊಂಡೆ.

ಫೆಬ್ರವರಿ 23. ಸೋಮವಾರ. 12-10

ಲೇಬರ್ ಆಫೀಸಿನ ಬೆಂಚು. ರಜೆ ಹಾಕಿದ್ದೇನೆ. ಅಣವೀರಪ್ಪನ ಕೆಲಸ ಗುರುವಾರವೇ ಹೋಯಿತು. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದಾನೆ.

ಹನ್ನೊಂದೂವರೆಗೆ ಒಳಗೆ ಕರೆದರು. ಸಾಹೇಬರು ಹಾಳೆಗಳ ದಪ್ಪ ನೋಡಿ, “ಥೋಡಕ್ಯಾತ್ ಸಾಂಗಾ ಬಾಯಿ,” ಎಂದರು. ಚಿಕ್ಕದಾಗಿ ಹೇಳಮ್ಮ ಅಂತ. ನಾನು ಬಾಯಿ ತೆರೆಯುವ ಮೊದಲೇ ಹಾಲವ್ವ ಕುರ್ಚಿ ಎಳೆದುಕೊಂಡು ಕೂತಳು.

“ನಹೀ ಸಾಹೇಬ. ಮೊದಲಿಂದ ಹೇಳ್ತೀನಿ. ಅಕ್ಕಾರ, ನೀವು ಮರಾಠಿಯೊಳಗ ಹೇಳ್ರಿ.”

ಹೇಳಿದೆವು. ಇಪ್ಪತ್ತು ನಿಮಿಷಕ್ಕೆ ಫ್ಯಾನಿನ ಕೆಳಗೆ ಹಾರುತ್ತಿದ್ದ ಕಾಗದವನ್ನು ಅವರೇ ಕೈಯಿಂದ ಒತ್ತಿ ಹಿಡಿದರು. ಮೂವತ್ತಕ್ಕೆ ಪೆನ್ನು ತೆಗೆದರು. ಕೆಲಸಗಾರನ ಹೆಸರು ಎಂಬಲ್ಲಿ ನಿಂಗಣ್ಣನ ಹೆಸರು ಬರೆದದ್ದನ್ನು ಕಣ್ಣಾರೆ ನೋಡಿದೆ. ಸರ್ಕಾರದ ಕಾಗದದ ಮೇಲೆ.

ನಮ್ಮನ್ನು ಹೊರಗೆ ಕಳಿಸಿದರು, ಈಗ ಸಾಕ್ಷಿಯ ಸರದಿ. ಅಣವೀರಪ್ಪನನ್ನು ಕೂಗುತ್ತಿದ್ದಾರೆ. ಬಾಗಿಲಲ್ಲಿ ನಿಂತು ನನಗಾಗಿ ತಿರುಗಿ ನೋಡುತ್ತಿದ್ದಾನೆ, ನಾನೂ ಹೋಗಬೇ—