ಸಿನಿಮಾದ ಕೊನೆ

ಅಣ್ಣಾ, ಕೋಳಿ ಕೆದರಿದಂಥ ಅಕ್ಷರ, ಕಾಗುಣಿತದ ತಪ್ಪು ಎಲ್ಲವನ್ನೂ ಹೊಟ್ಟೆಗೆ ಹಾಕಿಕೋ.

ನೀನು ಕೊನೆಯದಾಗಿ ಬಾಡಿಗೆಗೆ ತಂದ ಸಿನಿಮಾದ ಕ್ಯಾಸೆಟ್ಟನ್ನು ನಿನ್ನೆ ಅಂಗಡಿಗೆ ಹಿಂದಿರುಗಿಸಿದೆ. ನೀನು ತೀರಿಕೊಂಡದ್ದು ಅಂಗಡಿಯವರಿಗೆ ಗೊತ್ತಿರಲಿಲ್ಲ.

“ಏನಮ್ಮಾ, ಎಲ್ಲಿ ನಿಮ್ಮಣ್ಣ? ಸಿನಿಮಾನ ಬಾಯ್ತುಂಬ ಬೈಯೋಕಾದ್ರೂ ಬರಬಾರದಾ?” ಎಂದು ನಕ್ಕರು.

ನೀನು ಯಾವಾಗಲೂ ಅರ್ಧಕ್ಕೇ ನಿದ್ದೆಹೋಗಿ, ಬೆಳಿಗ್ಗೆ ನನ್ನಿಂದ ಕೊನೆ ಕೇಳಿಕೊಂಡು, ಅವರ ಮುಂದೆ ಪೂರ್ತಿ ನೋಡಿದವನಂತೆ ಬೈಯುತ್ತಿದ್ದೆ ಎಂದು ಅವರಿಗೇನು ಗೊತ್ತು? ಈ ಸಲವೂ ನಾನು ಕೊನೆಯವರೆಗೆ ನೋಡಿದೆ. ಬೆಳಿಗ್ಗೆ ನೀನು ಏಳಲೇ ಇಲ್ಲ.

“ಹೋಗ್ಲಿ, ನೀನೇ ಹೇಳು, ಕೊನೆ ಹೇಗಿತ್ತು?”

“ನಾನಿನ್ನೂ ನೋಡಿಲ್ಲ” ಎಂದೆ. ನಿನಗಿಂತ ಮೊದಲು ಅವರಿಗೆ ಹೇಗೆ ಹೇಳಲಿ?

ಇವತ್ತು ಬೆಳಿಗ್ಗೆ ನಿನ್ನ ಹಾಡಿನ ಕ್ಯಾಸೆಟ್‌ಗಳ ಧೂಳು ಒರೆಸುತ್ತಾ, ಆ ಕೊನೆಯನ್ನು ನಿನಗೆ ಮೆಲ್ಲಗೆ ಹೇಳಿ ಮುಗಿಸಿದೆ.